ಹಳೆಯ ಚಪ್ಪಡಿ, ಹೊಸ ಆಸನ

ಹಳೆಯ ಮನೆಯನ್ನು ಕೆಡವಿದಾಗ ದೊರೆಯುವ ಕಲ್ಲುಚಪ್ಪಡಿಯನ್ನು ಎರಡು ಮೋಟುಗಂಬಗಳ ಮೇಲಿರಿಸಿದರೆ ತೋಟಕ್ಕೊಂದು ಸೊಗಸಾದ ಆಸನವಾಗುತ್ತದೆ. ಆದರೆ ಕಂಬಗಳನ್ನು ಎಲ್ಲಿ ನಿಲ್ಲಿಸಬೇಕು?

ಕಲ್ಲು ಒತ್ತಡವನ್ನು ತಾಳಬಲ್ಲುದು. ಎಳೆತವನ್ನು ಅಷ್ಟಾಗಿ ತಾಳಲಾರದು. ಆಧಾರಗಳು ತುದಿಗಳಲ್ಲಿದ್ದರೆ ಚಪ್ಪಡಿಯ ನಡುಭಾಗ ಕೆಳಕ್ಕೆ ಬಾಗಲೆಳಸುವುದು. ಕೆಳಮೈ ಎಳೆತಕ್ಕೊಳಗಾಗಿ ಬಿರುಕು ಅಲ್ಲಿಂದಲೇ ಮೊದಲಾಗುವುದು. 5 ಅಡಿ ಉದ್ದದ ಚಪ್ಪಡಿಯಲ್ಲಿ ಕಂಬಗಳನ್ನು ತುದಿಗಳಿಂದ ಒಂದೊಂದು ಅಡಿ ಒಳಕ್ಕೆ ಸರಿಸಿದರೆ, ಅದರ ಸ್ವಂತ ಭಾರದಿಂದಾಗುವ ಗರಿಷ್ಠ ಎಳೆತವು ಐದರಲ್ಲೊಂದು ಪಾಲಿಗೆ ಇಳಿಯುವುದೆಂದು ಲೆಕ್ಕದಿಂದ ತಿಳಿಯುತ್ತೇವೆ.

ಭದ್ರವಾಗಲೆಂದು ನಡುವೆ ಮೂರನೆಯ ಕಂಬವನ್ನು ನಿಲ್ಲಿಸುವುದು ಬೇಡ. ಹಾಗೆ ಮಲಗಿಸಿದ್ದ ಅಮೃತಶಿಲೆಯ ಕಂಬವೊಂದು, ತುದಿಯ ಆಧಾರ ಕುಸಿದಾಗ, ನಡುವಿನ ಆಧಾರದ ಮೇಲೆಯೇ ಮುರಿದುದನ್ನು ಗೆಲಿಲಿಯೊ 1638ರಲ್ಲಿ ವರ್ಣಿಸಿದ್ದಾನೆ. ಎರಡೇ ಕಂಬಗಳಿದ್ದರೆ, ನೆಲ ಕುಸಿದರೂ ಆಸನ ತುಸು ವಾಲೀತು, ಮುರಿಯದು.