ಗುರುಮಠಕಲ್‌ನ ಮೊಬೈಲು, ಬೆಂಗಳೂರಿನ ಕಂಪೆನಿ: ವೀಡಿಯೊ ಗೇಮ್ ವ್ಯಾಪಾರದ ಲೆಕ್ಕಾಚಾರ

ಯಾದಗಿರಿ ಜಿಲ್ಲೆಯ ಗುರುಮಠಕಲ್ ಭಾಗದಲ್ಲಿ ಸೇವೆ ಸಲ್ಲಿಸುತ್ತಿರುವ ನಮ್ಮ ಕರಾವಳಿ ಮೂಲದ ಸೇವಾಕರ್ತರೊಬ್ಬರು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಬೆಂಗಳೂರಿನ ಕಟ್ಟಡ ಕೆಲಸದಿಂದ ಊರಿಗೆ ಮರಳಿದ ಯುವಕರ ಮೊಬೈಲಿನಲ್ಲಿ ಮೊದಲಿದ್ದ ರಮ್ಮಿ ಆಟ ನಿಂತುಹೋಗಿದೆ, ಅದರ ಜಾಗಕ್ಕೆ ಹೆಸರೇ ಕೇಳದ ಬೇರೊಂದು ಆಟ ಬಂದಿದೆ. ಇವುಗಳ ಹಿಂದೆ ಇರುವವರು ಯಾರು, ದುಡ್ಡು ಹೋಗುವುದು ಎಲ್ಲಿಗೆ, ಕ್ರಿಕೆಟ್ ಆಟಗಾರರ ಅಂಗಿಯ ಮೇಲೆ ಹೆಸರು ಹಾಕಿಸಿಕೊಂಡಿದ್ದ ಕಂಪೆನಿಗಳೂ ಇಂಥವೇ ತಾನೇ ಎಂದು ಅವರು ಕೇಳಿದ್ದರು. ಪ್ರಶ್ನೆ ಗುರುಮಠಕಲ್‌ನದ್ದಾದರೂ ಉತ್ತರ ನಮ್ಮ ಉಡುಪಿ, ಮಂಗಳೂರಿನ ಮನೆಗಳಿಗೂ ಸಲ್ಲುತ್ತದೆ. ಆದುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇವೆ.

ಕರಾವಳಿಯ ಓದುಗರಿಗೆ ಗುರುಮಠಕಲ್ ಎಂದರೆ ಮಲ್ಲಿಕಾರ್ಜುನ ಖರ್ಗೆಯವರು 1972ರಿಂದ ಸತತ 8 ಬಾರಿ ಶಾಸಕರಾಗಿ ಆಯ್ಕೆಯಾದ ಕ್ಷೇತ್ರ ಎಂದು ನೆನಪಾಗಬಹುದು. 2009ರ ಡಿಸೆಂಬರಿನಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾದಾಗ ಈ ಊರು ಕಲಬುರಗಿಯಿಂದ ಆ ಜಿಲ್ಲೆಗೆ ಸೇರಿತು. ಚರ್ಚ್ ಆಡಳಿತದಲ್ಲಿ ಅದು 2005ರಲ್ಲಿ ಸ್ಥಾಪನೆಯಾದ ಕಲಬುರಗಿ ಧರ್ಮಪ್ರಾಂತ್ಯದ ವ್ಯಾಪ್ತಿಗೆ ಬರುತ್ತದೆ. ತೊಗರಿ, ಹೆಸರು, ಹತ್ತಿ ಬೆಳೆಯುವ ಮಳೆಯಾಶ್ರಿತ ನೆಲ. ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಹೈದರಾಬಾದ್, ಮುಂಬೈ, ಪುಣೆಗೆ ಕೂಲಿಗಾಗಿ ಗುಳೆ ಹೋಗುವುದು ಅಲ್ಲಿನ ವಾಡಿಕೆ. ಊರಿನ ಪೂರ್ವಕ್ಕೆ ತೆಲಂಗಾಣದ ಗಡಿ. ಸಂತೆಯಲ್ಲಿ ಕನ್ನಡವೂ ತೆಲುಗೂ ಸಮವಾಗಿ ಕೇಳಿಬರುತ್ತದೆ.

ಈ ಗಡಿಯೇ ನಮ್ಮ ವಿಷಯಕ್ಕೆ ಮುಖ್ಯ. 2017ರಲ್ಲಿ ತೆಲಂಗಾಣ ಸರಕಾರ ತನ್ನ ಜೂಜು ಕಾಯಿದೆಗೆ ತಿದ್ದುಪಡಿ ತಂದು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ರಮ್ಮಿಯನ್ನೂ ಸೇರಿಸಿ, ನಿಷೇಧಿಸಿತು. ಕರ್ನಾಟಕದಲ್ಲಿ ಅಂಥ ನಿಷೇಧ ಇರಲಿಲ್ಲ. ಕಂಪೆನಿಗಳು ಮೊಬೈಲು ಎಲ್ಲಿದೆ ಎಂಬುದನ್ನು ಉಪಗ್ರಹದ ಸಂಕೇತದಿಂದ ಪತ್ತೆ ಮಾಡಿ, ತೆಲಂಗಾಣದಲ್ಲಿದ್ದರೆ ಆಟವನ್ನು ತಡೆಯುವ ವ್ಯವಸ್ಥೆ ಮಾಡಿಕೊಂಡವು. ಅಂದರೆ ನಾರಾಯಣಪೇಟೆ ಕಡೆಯಲ್ಲಿ ಅಪರಾಧವಾಗಿದ್ದ ಅದೇ ಆಟ, ಅದೇ ಇಸ್ಪೀಟು, ಗುರುಮಠಕಲ್ ಕಡೆಯಲ್ಲಿ ತೆರಿಗೆ ಕಟ್ಟುವ ಉದ್ಯಮವಾಗಿತ್ತು. ಹೊಲದ ಬದುವಿನಷ್ಟು ಅಂತರ, ಅಷ್ಟೆ.

ಇದಕ್ಕೆ ಹಳೆಯ ಕಾನೂನಿನ ಹಿನ್ನೆಲೆಯೂ ಇದೆ. 1968ರಲ್ಲಿ ಆಂಧ್ರಪ್ರದೇಶ ಸರಕಾರಕ್ಕೂ ಸಿಕಂದರಾಬಾದಿನ ಒಂದು ಕ್ಲಬ್ಬಿಗೂ ಸಂಬಂಧಿಸಿದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್, ರಮ್ಮಿ ಬರೀ ಅದೃಷ್ಟದ ಆಟವಲ್ಲ, ಅದರಲ್ಲಿ ಕೌಶಲವೇ ಪ್ರಧಾನ ಎಂದಿತು. ಕ್ಲಬ್ಬಿನ ಮೇಜಿನ ಸುತ್ತ ಕುಳಿತ ನಾಲ್ಕಾರು ಜನರನ್ನು ಕಂಡು ಹೇಳಿದ ಮಾತು ಅದು. ಐದು ದಶಕಗಳ ನಂತರ ಅದೇ ತೀರ್ಪಿನ ಆಸರೆಯಲ್ಲಿ ಕೋಟ್ಯಂತರ ಅಪರಿಚಿತರು ರಾತ್ರಿಯಿಡೀ ಆಡುವ ವ್ಯಾಪಾರ ಬೆಳೆಯಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಇಂಟರ್ನೆಟ್ ಅಗ್ಗವಾದದ್ದು, ಅದರ ಬೆನ್ನಿಗೇ ಯುಪಿಐ ಮೂಲಕ 10 ರೂಪಾಯಿಯನ್ನೂ ಕಳುಹಿಸಲು ಸಾಧ್ಯವಾದದ್ದು, ಇವೆರಡೂ ಇಲ್ಲದಿದ್ದರೆ ಈ ವ್ಯಾಪಾರ ಗುರುಮಠಕಲ್ ಮುಟ್ಟುತ್ತಿರಲಿಲ್ಲ.

ಈಗ ಕಂಪೆನಿಗಳ ವಿಷಯಕ್ಕೆ ಬರೋಣ. ವೀಡಿಯೊ ಗೇಮ್ ಎಂದು ನಾವು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಮೂರು ಬಗೆಯ ವ್ಯಾಪಾರಗಳು ಸೇರಿಕೊಂಡಿವೆ.

ಮೊದಲನೆಯದು ಆಟವನ್ನು ತಯಾರಿಸಿ ಮಾರುವುದು, ಅಥವಾ ಬೇರೆಯವರಿಗಾಗಿ ತಯಾರಿಸಿಕೊಡುವುದು. ಬೆಂಗಳೂರಿನಲ್ಲಿ 1997ರಲ್ಲಿ ರಾಜೇಶ್ ರಾವ್ ಅವರು ಆರಂಭಿಸಿದ ಧ್ರುವ ಇಂಟರಾಕ್ಟಿವ್ ಭಾರತದ ಮೊದಲ ಗೇಮ್ ಕಂಪೆನಿಗಳಲ್ಲಿ ಒಂದು. ಅಮೆರಿಕ, ಯುರೋಪಿನ ದೊಡ್ಡ ಕಂಪೆನಿಗಳ ಆಟಗಳಿಗೆ ಬೇಕಾದ ಕಾರು, ಕಟ್ಟಡ, ಪಾತ್ರಗಳ ಚಿತ್ರಣವನ್ನು ಇಲ್ಲಿನ ಹುಡುಗರು ಮಾಡಿಕೊಡುತ್ತಿದ್ದರು. ಮೈಕ್ರೋಸಾಫ್ಟ್‌ನ ಫೋರ್ಜಾ ಕಾರು ಪಂದ್ಯದ ಆಟಗಳಲ್ಲೂ ಅವರ ಕೈಕೆಲಸವಿದೆ. ಈ ಕಂಪೆನಿಯ ಬಹುಪಾಲನ್ನು ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕೊಂಡುಕೊಂಡಿತು. 2019ರಲ್ಲಿ ಅದೇ ಪಾಲನ್ನು ರಾಕ್‌ಸ್ಟಾರ್ ಗೇಮ್ಸ್ 79 ಲಕ್ಷ ಡಾಲರಿಗೆ ಖರೀದಿಸಿ ತನ್ನ ಬೆಂಗಳೂರು ಶಾಖೆಯೊಂದಿಗೆ ಸೇರಿಸಿಕೊಂಡಿತು. ಆಗಿನ ದರದಲ್ಲಿ ಸುಮಾರು 55 ಕೋಟಿ ರೂಪಾಯಿ. ಈ ಅಂಕಿಯನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ನಮ್ಮ ಉಡುಪಿಯಲ್ಲೇ ಇಂಥ ಕೆಲಸ ನಡೆದಿದೆ ಎಂಬುದು ಹಲವರಿಗೆ ತಿಳಿಯದು. ರೋಹಿತ್ ಭಟ್ ಅವರು 1996ರಲ್ಲಿ ಆರಂಭಿಸಿದ ರೋಬೋಸಾಫ್ಟ್ ಸಂಸ್ಥೆಯ ಮಡಿಲಲ್ಲಿ ಹುಟ್ಟಿದ 99ಗೇಮ್ಸ್, 2013ರಲ್ಲಿ ಧೂಮ್ 3 ಚಲನಚಿತ್ರದ ಆಟವನ್ನೂ, 2014ರಲ್ಲಿ ಹೋಟೆಲು ನಡೆಸುವ ಸ್ಟಾರ್ ಶೆಫ್ ಎಂಬ ಆಟವನ್ನೂ ಹೊರತಂದಿತು. ಹೋಟೆಲಿಗೆ ಹೆಸರಾದ ಉಡುಪಿಯಿಂದ ಅಡುಗೆಮನೆಯ ಆಟವೇ ಲೋಕಕ್ಕೆ ಹೋದದ್ದು ತಕ್ಕುದೇ ಆಯಿತು! ರೋಬೋಸಾಫ್ಟನ್ನು 2021ರಲ್ಲಿ ಜಪಾನಿನ ಟೆಕ್ನೋಪ್ರೊ 805 ಕೋಟಿ ರೂಪಾಯಿಗೆ ಕೊಂಡಿತು.

ಎರಡನೆಯದು ಉಚಿತವಾಗಿ ಆಡಲು ಕೊಟ್ಟು, ಒಳಗೆ ಸಾಮಾನು ಮಾರುವ ವ್ಯಾಪಾರ. ಪಬ್‌ಜಿ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರಕಾರ ನಿಷೇಧಿಸಿದ 118 ಆ್ಯಪ್‌ಗಳಲ್ಲಿ ಅದೂ ಒಂದು. 2021ರ ಜುಲೈಯಲ್ಲಿ ದಕ್ಷಿಣ ಕೊರಿಯಾದ ಕ್ರಾಫ್ಟನ್ ಅದನ್ನೇ ಬೇರೆ ಹೆಸರಿನಲ್ಲಿ ಭಾರತಕ್ಕೆ ತಂದಿತು. 2022ರ ಜುಲೈಯಲ್ಲಿ ಮತ್ತೆ ತಡೆ, 2023ರ ಮೇಯಲ್ಲಿ ಮತ್ತೆ ಪ್ರವೇಶ. ಇಂಥ ಆಟಗಳಲ್ಲಿ ಬಹುತೇಕರು ಒಂದು ಪೈಸೆಯನ್ನೂ ಕೊಡುವುದಿಲ್ಲ. ಬಂದೂಕಿನ ಬಣ್ಣ, ಪಾತ್ರದ ಉಡುಪು ಇತ್ಯಾದಿಗಳಿಗೆ ಹಣ ಕೊಡುವ ಸಣ್ಣ ಗುಂಪಿನಿಂದಲೇ ಕಂಪೆನಿಯ ಆದಾಯ. ಆದುದರಿಂದ ಕಂಪೆನಿಗೆ ಇಬ್ಬರೂ ಬೇಕು: ಕೊಡುವವನು ಬೇಕು, ಅವನು ಮೆರೆಯಲು ಕೊಡದ ನೂರು ಮಂದಿಯೂ ಬೇಕು. ಬರುವ ಹಣದಲ್ಲಿ ಆ್ಯಪ್ ಅಂಗಡಿ ನಡೆಸುವ ಗೂಗಲ್, ಆಪಲ್ ಕಂಪೆನಿಗಳಿಗೆ ಶೇ. 30ರವರೆಗೆ ಪಾಲು. ಮೊಬೈಲ್ ಗೇಮ್ ಇಳಿಸಿಕೊಳ್ಳುವುದರಲ್ಲಿ ಭಾರತ ಜಗತ್ತಿಗೇ ಮುಂದು, ಹಣ ಕೊಡುವುದರಲ್ಲಿ ಬಹಳ ಹಿಂದು. ಕಂಪೆನಿಗಳ ವರ್ಷಗಳ ಕೊರಗು ಇದೇ. 2021ರಲ್ಲಿ ಕ್ರಾಫ್ಟನ್ 18ರೊಳಗಿನವರಿಗೆ ದಿನಕ್ಕೆ 7,000 ರೂಪಾಯಿ ಖರ್ಚಿನ ಮಿತಿ ಹಾಕಿದಾಗ ಅದನ್ನು ಮಕ್ಕಳ ರಕ್ಷಣೆಯ ಕ್ರಮವೆಂದೇ ಹೇಳಲಾಯಿತು. ತೊಗರಿ ಹೊಲದ ಕೂಲಿಯ ಲೆಕ್ಕದಲ್ಲಿ ಅದು ಎಷ್ಟು ದಿನಗಳ ದುಡಿಮೆ ಎಂದು ನಾವು ಕೇಳಬೇಕಾಗುತ್ತದೆ.

ಮೂರನೆಯದೇ ಹಣ ಕಟ್ಟಿ ಆಡುವ ಆಟಗಳ ವ್ಯಾಪಾರ. ಭಾರತೀಯರು ಉಡುಪಿಗೆ ಹಣ ಕೊಡದಿದ್ದರೂ ಗೆಲ್ಲುವ ಆಸೆಗೆ ಕೊಡುತ್ತಾರೆ ಎಂಬುದನ್ನು ಇವರು ಕಂಡುಕೊಂಡರು. ಇಲ್ಲಿ ಕಂಪೆನಿ ತಾನು ಆಡುವುದಿಲ್ಲ. ಆಟಗಾರರು ಕಟ್ಟಿದ ಹಣದಲ್ಲಿ ಒಂದು ಪಾಲನ್ನು ಮುರಿದುಕೊಂಡು ಉಳಿದದ್ದನ್ನು ಗೆದ್ದವನಿಗೆ ಕೊಡುತ್ತದೆ. ನಾಲ್ವರು ತಲಾ 25 ರೂಪಾಯಿ ಕಟ್ಟಿದರು, ಕಂಪೆನಿ 10 ಇಟ್ಟುಕೊಂಡಿತು ಎಂದುಕೊಳ್ಳೋಣ. ಗೆದ್ದವನಿಗೆ 90. ಅದೇ 90ನ್ನು ಮತ್ತೆ ಆಟಕ್ಕೆ ಹಾಕಿದರೆ ಮತ್ತೆ 9 ಹೋಗಿ 81 ಉಳಿಯಿತು. ಹತ್ತು ಸುತ್ತು ಹೀಗೆ ನಡೆದರೆ ನೂರರಲ್ಲಿ 35ರಷ್ಟು ಮಾತ್ರ ಆಟಗಾರರ ಕೈಯಲ್ಲಿ ಉಳಿಯುತ್ತದೆ, ಯಾರು ಎಷ್ಟೇ ಜಾಣರಿರಲಿ. ಒಬ್ಬ ಗೆದ್ದಿರಬಹುದು, ಆದರೆ ನಾಲ್ವರನ್ನೂ ಕೂಡಿಸಿದರೆ ಅವರು ಸೋತಿರುತ್ತಾರೆ. ನಮ್ಮ ಯುವಜನರ ಸಭೆಗಳಲ್ಲಿ ಈ ಲೆಕ್ಕವನ್ನು ಹಲಗೆಯ ಮೇಲೆ ಬರೆದು ತೋರಿಸಿದರೆ ಒಂದು ಗಂಟೆಯ ಉಪದೇಶಕ್ಕಿಂತ ಮೇಲು.

ಇಂಥ ಕಂಪೆನಿಗಳಲ್ಲಿ ಎರಡು ದೊಡ್ಡವು ಬೆಂಗಳೂರಿನವು. 2017ರಲ್ಲಿ ಆರಂಭವಾದ ಗೇಮ್ಸ್‌ಕ್ರಾಫ್ಟ್ ರಮ್ಮಿಯಿಂದ ಬೆಳೆದು, 2022-23ರಲ್ಲಿ 1,000 ಕೋಟಿ ರೂಪಾಯಿ ಮೀರಿದ ಲಾಭ ತೋರಿಸಿತು. 2018ರಲ್ಲಿ ಆರಂಭವಾದ ಮೊಬೈಲ್ ಪ್ರೀಮಿಯರ್ ಲೀಗ್, ಅಂದರೆ ಎಂಪಿಎಲ್, 2020ರ ಕೊನೆಯಿಂದ 2022ರವರೆಗೆ ಭಾರತ ಕ್ರಿಕೆಟ್ ತಂಡದ ಉಡುಪಿನ ಪ್ರಾಯೋಜಕನಾಗಿತ್ತು. 2021ರಲ್ಲಿ ಹೂಡಿಕೆದಾರರು ಅದಕ್ಕೆ ಕಟ್ಟಿದ ಬೆಲೆ 230 ಕೋಟಿ ಡಾಲರ್, ಸುಮಾರು 17,000 ಕೋಟಿ ರೂಪಾಯಿ. 22 ವರ್ಷ ಆಟಗಳನ್ನು ತಯಾರಿಸಿದ ಧ್ರುವ 55 ಕೋಟಿಗೆ ಮಾರಾಟವಾಯಿತು. ಮೂರು ವರ್ಷ ಪಣದ ಪಾಲು ತೆಗೆದುಕೊಂಡ ಕಂಪೆನಿಗೆ 17,000 ಕೋಟಿ. ಬಂಡವಾಳ ಯಾವ ಕಡೆ ಹರಿಯಿತು, ಏಕೆ ಹರಿಯಿತು ಎಂಬುದು ಈ ಎರಡು ಅಂಕಿಗಳಲ್ಲೇ ಇದೆ.

ಆಮೇಲೆ ಇಳಿಗಾಲ. ಕರ್ನಾಟಕ ಸರಕಾರ 2021ರ ಅಕ್ಟೋಬರಿನಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಇವನ್ನು ನಿಷೇಧಿಸಿತು, ಆದರೆ 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದನ್ನು ಅಸಿಂಧುಗೊಳಿಸಿತು. ಗುರುಮಠಕಲ್‌ನ ಮೊಬೈಲು ನಾಲ್ಕು ತಿಂಗಳು ಸುಮ್ಮನಿದ್ದು ಮತ್ತೆ ಮಾತಾಡತೊಡಗಿತು. ನಂತರ ತೆರಿಗೆಯ ಪೆಟ್ಟು. ಹಿಂದೆ ಕಂಪೆನಿಗಳು ತಮ್ಮ ಪಾಲಿನ ಮೇಲೆ ಮಾತ್ರ ಶೇ. 18 ಕಟ್ಟುತ್ತಿದ್ದವು, ಮೇಲಿನ ಉದಾಹರಣೆಯಲ್ಲಿ 10 ರೂಪಾಯಿಗೆ 1 ರೂಪಾಯಿ 80 ಪೈಸೆ. 2023ರ ಅಕ್ಟೋಬರ್ 1ರಿಂದ ಆಟಗಾರ ಜಮಾ ಮಾಡುವ ಪೂರ್ತಿ ಹಣದ ಮೇಲೆ ಶೇ. 28 ಎಂದಾಯಿತು. 100ಕ್ಕೆ 28! ನಿರ್ಧಾರ ಪ್ರಕಟವಾದ ಬೆನ್ನಿಗೇ, ಆಗಸ್ಟಿನಲ್ಲಿ, ಎಂಪಿಎಲ್ ಸುಮಾರು 350 ಮಂದಿಯನ್ನು ಕೆಲಸದಿಂದ ತೆಗೆಯಿತು. ಗೇಮ್ಸ್‌ಕ್ರಾಫ್ಟ್‌ಗೆ 2022ರಲ್ಲೇ ಸುಮಾರು 21,000 ಕೋಟಿ ರೂಪಾಯಿಯ ತೆರಿಗೆ ನೋಟಿಸ್ ಬಂದಿತ್ತು. 2023ರ ಮೇಯಲ್ಲಿ ಹೈಕೋರ್ಟ್ ಅದನ್ನು ರದ್ದುಪಡಿಸಿದರೆ, ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು.

ಕೊನೆಯ ಪೆಟ್ಟು 2025ರ ಆಗಸ್ಟಿನಲ್ಲಿ. ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಮಸೂದೆ 20ರಂದು ಲೋಕಸಭೆಯಲ್ಲಿ, 21ರಂದು ರಾಜ್ಯಸಭೆಯಲ್ಲಿ ಅಂಗೀಕಾರವಾಗಿ, 22ರಂದು ರಾಷ್ಟ್ರಪತಿಯವರ ಅಂಕಿತ ಪಡೆಯಿತು. ಕೌಶಲವೋ ಅದೃಷ್ಟವೋ ಎಂಬ ಹಳೆಯ ವಾದವನ್ನೇ ಬದಿಗಿಟ್ಟು, ಹಣ ಕಟ್ಟಿ ಹಣ ಗೆಲ್ಲುವ ಎಲ್ಲ ಆನ್‌ಲೈನ್ ಆಟಗಳನ್ನೂ ಅದು ನಿಷೇಧಿಸುತ್ತದೆ. ನಡೆಸುವವರಿಗೆ 3 ವರ್ಷದವರೆಗೆ ಸೆರೆ, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡುವವರಿಗೆ 2 ವರ್ಷ, 50 ಲಕ್ಷ. ಆಡಿದವನಿಗೆ ಶಿಕ್ಷೆಯಿಲ್ಲ. ಕೇಂದ್ರದ ಅಂದಾಜಿನಂತೆ 45 ಕೋಟಿ ಜನ ಈ ಆಟಗಳಿಂದ ವರ್ಷಕ್ಕೆ ಸುಮಾರು 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದರು. ಕಂಪೆನಿಗಳು ಒಂದೆರಡು ದಿನದಲ್ಲೇ ಹಣದ ಆಟಗಳನ್ನು ನಿಲ್ಲಿಸಿದವು. ಡ್ರೀಮ್11 ಹೆಸರು ತಂಡದ ಅಂಗಿಯಿಂದ ಹೋಯಿತು. ಎಂಪಿಎಲ್ ಭಾರತದಲ್ಲಿನ ತನ್ನ ಸಿಬ್ಬಂದಿಯಲ್ಲಿ ಶೇ. 60ರಷ್ಟು, ಸುಮಾರು 300 ಮಂದಿಯನ್ನು ಬಿಡುವ ನಿರ್ಧಾರ ತಳೆಯಿತು. ಕಾಯಿದೆಯನ್ನು ಪ್ರಶ್ನಿಸಿ ಕರ್ನಾಟಕವೂ ಸೇರಿದಂತೆ ಹೈಕೋರ್ಟುಗಳಿಗೆ ಹೋದ ಅರ್ಜಿಗಳನ್ನು 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ತನ್ನಲ್ಲಿಗೆ ವರ್ಗಾಯಿಸಿಕೊಂಡಿತು.

ನಿಷೇಧವನ್ನು ನಾವು ಸ್ವಾಗತಿಸುತ್ತೇವೆ. ಆದರೆ ಕೆಲಸ ಕಳೆದುಕೊಂಡವರಲ್ಲಿ ನಮ್ಮ ಧರ್ಮಕೇಂದ್ರಗಳಂಥ ಸಾಧಾರಣ ಮನೆಗಳಿಂದ ಹೋದ ಯುವಕ ಯುವತಿಯರೂ ಇರುತ್ತಾರೆ ಎಂಬುದನ್ನು ಮರೆಯುವಂತಿಲ್ಲ. ಪಣದ ವಿಷಯದಲ್ಲಿ ಧರ್ಮಸಭೆಯ ಬೋಧನೆ ಹಲವರು ಭಾವಿಸುವಷ್ಟು ಕಟುವಾಗಿಲ್ಲ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2413ನೇ ವಿಧಿ ಇಸ್ಪೀಟು, ಪಣ ಮುಂತಾದವನ್ನು ಸ್ವತಃ ಅನ್ಯಾಯವೆಂದು ಹೇಳುವುದಿಲ್ಲ. ತನಗೂ ತನ್ನವರಿಗೂ ಬೇಕಾದ ಅಗತ್ಯಗಳನ್ನು ಕಸಿದಾಗ ಅದು ಒಪ್ಪತಕ್ಕದ್ದಲ್ಲ, ಜೂಜಿನ ಗೀಳು ಮನುಷ್ಯನನ್ನು ಗುಲಾಮನನ್ನಾಗಿಸುವ ಅಪಾಯವಿದೆ ಎನ್ನುತ್ತದೆ. ನಮ್ಮ ಇಗರ್ಜಿ ಹಬ್ಬದ ಹೌಸಿ ಆಟದ ಬಗ್ಗೆ ಯಾರಾದರೂ ಕೇಳುವ ಮೊದಲು ನಾವೇ ಹೇಳಿಬಿಡುವುದು ಒಳ್ಳೆಯದು: ಅದು ವರ್ಷಕ್ಕೊಮ್ಮೆ ಬರುತ್ತದೆ, ಎಲ್ಲರೆದುರು ನಡೆಯುತ್ತದೆ, ರಾತ್ರಿ ಹತ್ತಕ್ಕೆ ಮುಗಿಯುತ್ತದೆ. ಮೊಬೈಲಿನ ಆಟ ಒಬ್ಬನೇ ಇರುವಾಗ, ಸಂಬಳ ಬಂದ ದಿನವೇ, ಸದ್ದಿಲ್ಲದೆ ಕರೆಯುತ್ತದೆ.

ಹೊರ ಜಗತ್ತಿನಲ್ಲೂ ಈ ಉದ್ಯಮದ ಸ್ಥಿತಿ ಏರುಪೇರು. 2020ರ ಲಾಕ್‌ಡೌನ್ ಕಾಲದಲ್ಲಿ ಜನ ಮನೆಯಲ್ಲೇ ಕುಳಿತಾಗ ಮಾರಾಟ ಏರಿತು, ಕಂಪೆನಿಗಳು ಸಿಕ್ಕಾಪಟ್ಟೆ ಜನರನ್ನು ಸೇರಿಸಿಕೊಂಡವು. ಜನ ಹೊರಗೆ ಹೋಗಲಾರಂಭಿಸಿದ ಮೇಲೆ ಅದೇ ವೇಗದಲ್ಲಿ ಕಳಿಸಿದವು. ಮೈಕ್ರೋಸಾಫ್ಟ್ 2023ರ ಅಕ್ಟೋಬರಿನಲ್ಲಿ ಆ್ಯಕ್ಟಿವಿಷನ್ ಬ್ಲಿಝಾರ್ಡ್ ಕಂಪೆನಿಯನ್ನು ಸುಮಾರು 6,900 ಕೋಟಿ ಡಾಲರಿಗೆ ಕೊಂಡು, ಮೂರೇ ತಿಂಗಳಲ್ಲಿ ತನ್ನ ಗೇಮ್ ವಿಭಾಗದ 1,900 ಮಂದಿಯನ್ನು ತೆಗೆಯಿತು. 2025ರ ಫೆಬ್ರವರಿಯಲ್ಲಿ ಫ್ರಾನ್ಸಿನ ಟೆಕ್ನಿಕಲರ್ ಕುಸಿದಾಗ ಬೆಂಗಳೂರಿನ ಅನಿಮೇಶನ್ ಮತ್ತು ಗ್ರಾಫಿಕ್ಸ್ ಕೆಲಸಗಾರರ ದೊಡ್ಡ ಸಮೂಹವೇ ಬೀದಿಗೆ ಬಂತು. ಕರ್ನಾಟಕ ಸರಕಾರ 2012ರಲ್ಲೇ ಅನಿಮೇಶನ್ ಮತ್ತು ಗೇಮ್ ಉದ್ಯಮಕ್ಕೆ ನೀತಿ ರೂಪಿಸಿದ ಮೊದಲ ರಾಜ್ಯ, 2024ರಲ್ಲಿ ಅದನ್ನು ಹೊಸದಾಗಿ ಪ್ರಕಟಿಸಿದೆ, ಇದು ನಿಜ. ಆದರೂ ಲಕ್ಷಗಟ್ಟಲೆ ಶುಲ್ಕ ಕೇಳುವ ಗೇಮ್ ಕೋರ್ಸಿಗೆ ಮಕ್ಕಳನ್ನು ಸೇರಿಸುವ ಹೆತ್ತವರು, ಕಳೆದ ಎರಡು ವರ್ಷಗಳಲ್ಲಿ ಅಲ್ಲಿಂದ ಹೊರಬಂದವರು ಎಲ್ಲಿ ಕೆಲಸದಲ್ಲಿದ್ದಾರೆ ಎಂದು ಹೆಸರು ಸಮೇತ ಕೇಳಿ ತಿಳಿಯಬೇಕು. ಚಿತ್ರ ಬಿಡಿಸುವ, ಗಣಿತ ಬಲ್ಲ ಮಗುವಿಗೆ ಇದು ಒಳ್ಳೆಯ ವೃತ್ತಿಯೇ. ಆಟ ಆಡುವುದರಲ್ಲಿ ಮುಂದಿರುವ ಮಗುವಿಗೆ ಅದೇ ಕಾರಣಕ್ಕೆ ಅಲ್ಲ.

ಆಟವೇ ಕೆಟ್ಟದ್ದು ಎಂದು ನಾವು ಹೇಳುತ್ತಿಲ್ಲ. 2025ರ ಸೆಪ್ಟೆಂಬರ್ 7ರಂದು ಸಂತ ಪದವಿಗೇರಿದ ಕಾರ್ಲೊ ಅಕ್ಯುಟಿಸ್ ಪ್ಲೇಸ್ಟೇಶನ್ ಆಡುತ್ತಿದ್ದರು. ವಾರಕ್ಕೆ ಒಂದು ಗಂಟೆ ಎಂದು ತಾವೇ ಮಿತಿ ಹಾಕಿಕೊಂಡಿದ್ದರು.

ಇನ್ನು ಗುರುಮಠಕಲ್‌ನ ಹೊಸ ಆ್ಯಪ್‌ನ ವಿಷಯ. ಆ್ಯಪ್ ಅಂಗಡಿಯಲ್ಲಿ ಸಿಗದೆ, ಟೆಲಿಗ್ರಾಂ ಅಥವಾ ವಾಟ್ಸಾಪ್ ಕೊಂಡಿಯ ಮೂಲಕ ಬಂದು, ಯಾರದೋ ಖಾಸಗಿ ಖಾತೆಗೆ ಹಣ ಹಾಕಿಸಿಕೊಳ್ಳುವ ಆಟ ಎಂದರೆ ಅದರ ಹಿಂದೆ ಬೆಂಗಳೂರಿನ ಕಚೇರಿಯೂ ಇಲ್ಲ, ತೆರಿಗೆಯೂ ಇಲ್ಲ, ಕೇಳಲು ವಿಳಾಸವೂ ಇಲ್ಲ. ಗೆದ್ದ ಹಣ ಕೊಡದಿದ್ದರೂ ನ್ಯಾಯಾಲಯಕ್ಕೆ ಹೋಗುವಂತಿಲ್ಲ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣವನ್ನು ಖಾತೆಯಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಆಡಿದವನಿಗೆ ಶಿಕ್ಷೆಯಿಲ್ಲವಾದುದರಿಂದ ದೂರು ಕೊಡಲು ಹೆದರಬೇಕಾಗಿಲ್ಲ ಎಂಬುದನ್ನು ಅಲ್ಲಿನ ಯುವಕರಿಗೆ ಒತ್ತಿ ಹೇಳಬೇಕು. ಬಿಡಲಾಗದ ಗೀಳಾಗಿದ್ದರೆ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ಚಿಕಿತ್ಸಾ ವಿಭಾಗವಿದೆ. ಗೇಮ್ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯಲ್ಲಿ ಸೇರಿಸಿದ್ದು, ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಮನೆಯವರು ಮೊದಲು ನೋಡಬೇಕಾದದ್ದು ಮೊಬೈಲಿನ ಪರದೆಯನ್ನಲ್ಲ, ಬ್ಯಾಂಕ್ ಪಾಸ್‌ಬುಕ್ಕನ್ನು: ಒಂದೇ ರಾತ್ರಿಯಲ್ಲಿ ಪರಿಚಯವಿಲ್ಲದ ಹೆಸರಿಗೆ 100, 200, ಮತ್ತೆ 500 ಎಂದು ಏರುತ್ತಾ ಹೋದ ಸಾಲುಗಳಿದ್ದರೆ, ಹಾಗೂ ಅದರ ಹಿಂದೆಯೇ ಸಾಲದ ಆ್ಯಪ್‌ನಿಂದ ಹಣ ಬಂದಿದ್ದರೆ, ಅಂದೇ ಮಾತಾಡಬೇಕು.