ಸಂಘದ ವೆಬ್‌ಸೈಟಿಗೆ ಯಾವ ಫ್ರೇಮ್‌ವರ್ಕ್? ಮೊದಲು ಒತ್ತಕ್ಷರ ನೋಡಿ!



ನೆರೂಳದಲ್ಲೋ ಡೊಂಬಿವಲಿಯಲ್ಲೋ ನಿಮ್ಮದೊಂದು ಕನ್ನಡ ಸಂಘವಿದೆ ಎನ್ನಿ. ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಯಾವುದೆಂದು ಸಂಘದ ವೆಬ್‌ಸೈಟಿನಲ್ಲಿ ಹಾಕಿದ್ದೀರಿ. ಅದನ್ನು ಓದುವವರು ಹಾರ್ಬರ್ ಲೈನಿನ ಲೋಕಲ್‌ನಲ್ಲಿ ನಿಂತುಕೊಂಡು, ಒಂದೇ ಕೈಯಲ್ಲಿ ಮೊಬೈಲ್ ಹಿಡಿದು ಓದುತ್ತಾರೆ. ಅಕ್ಷರ ಇರುವೆಯಷ್ಟು ಚಿಕ್ಕದಾದರೆ, ಅಥವಾ ದಿನಾಂಕ ಪರದೆಯ ಅಂಚಿನಾಚೆ ಸರಿದುಹೋದರೆ, ಅರ್ಹ ವಿದ್ಯಾರ್ಥಿಯೊಬ್ಬರ ಅರ್ಜಿ ತಪ್ಪಿದಂತೆಯೇ!

ಪರದೆಯ ಅಗಲಕ್ಕೆ ತಕ್ಕಂತೆ ತಾನೇ ಹೊಂದಿಕೊಳ್ಳುವ ಪುಟಕ್ಕೆ 'ರೆಸ್ಪಾನ್ಸಿವ್' ಎನ್ನುತ್ತಾರೆ. ಈ ಹೆಸರನ್ನು 2010ರಲ್ಲಿ ಬಳಕೆಗೆ ತಂದವರು ಅಮೆರಿಕದ ವಿನ್ಯಾಸಕಾರ ಈಥನ್ ಮಾರ್ಕಾಟ್. ಇಂಥ ಪುಟ ಕಟ್ಟಲು ಸಿದ್ಧವಾಗಿ ಸಿಗುವ ಸಾಮಗ್ರಿಯೇ ಫ್ರೇಮ್‌ವರ್ಕ್. ಶಾಮಿಯಾನದವನು ಕಂಬ, ಬಟ್ಟೆ ಎಲ್ಲ ತಂದುಕೊಟ್ಟ ಹಾಗೆ, ಅಲಂಕಾರವಷ್ಟೇ ನಿಮ್ಮದು.

ಹೆಚ್ಚು ಪರಿಚಿತವಾದದ್ದು ಬೂಟ್‌ಸ್ಟ್ರಾಪ್. ಟ್ವಿಟರ್ ಕಂಪನಿಯ ಮಾರ್ಕ್ ಆಟೊ ಮತ್ತು ಜೇಕಬ್ ಥಾರ್ನ್‌ಟನ್ ಇದನ್ನು ರೂಪಿಸಿ 2011ರಲ್ಲಿ ಎಲ್ಲರಿಗೂ ಉಚಿತವಾಗಿ ಕೊಟ್ಟರು. ಇದು ಪುಟದ ಅಗಲವನ್ನು 12 ಕಂಬಸಾಲುಗಳಾಗಿ ವಿಭಾಗಿಸುತ್ತದೆ. ಮೂರು ಕಾರ್ಯಕ್ರಮಗಳ ವಿವರವನ್ನು ಕಂಪ್ಯೂಟರಿನಲ್ಲಿ ನಾಲ್ಕು ನಾಲ್ಕು ಸಾಲುಗಳಂತೆ ಪಕ್ಕಪಕ್ಕದಲ್ಲಿ, ಮೊಬೈಲಿನಲ್ಲಿ ಒಂದರ ಕೆಳಗೊಂದರಂತೆ ತೋರಿಸಬಹುದು. ಮೆನು, ಬಟನ್, ಫಾರ್ಮ್ ಎಲ್ಲವೂ ಸಿದ್ಧವಾಗಿರುತ್ತವೆ.

2017ರಲ್ಲಿ ಬಂದ ಟೇಲ್‌ವಿಂಡ್‌ನ ದಾರಿ ಬೇರೆ. ಸಿದ್ಧ ಬಟನ್‌ಗಳ ಬದಲು ಬಣ್ಣ, ಅಂತರ, ಅಳತೆಗಳ ಸಣ್ಣ ಸಣ್ಣ ತುಣುಕುಗಳನ್ನು ಕೊಡುತ್ತದೆ. ಜೋಡಿಸುವ ಕೆಲಸ ನಿಮ್ಮದು. ಬಳಸಿದ ತುಣುಕುಗಳಷ್ಟೇ ಕೊನೆಯ ಕಡತಕ್ಕೆ ಸೇರುವುದರಿಂದ ಪುಟ ಹಗುರ. ಆದರೆ ಆ ಕಡತ ತಯಾರಿಸಲು ಬೇರೊಂದು ಸಾಧನ ಓಡಿಸಬೇಕು. ಅದು ಬಲ್ಲವರು ಜೊತೆಗಿರಬೇಕು.

ನಾಲ್ಕೈದು ಪುಟಗಳ ಸೈಟ್ ಸಾಕೆಂದರೆ ಫ್ರೇಮ್‌ವರ್ಕೇ ಬೇಡ. 2017ರಿಂದ ಪ್ರಮುಖ ಬ್ರೌಸರುಗಳೆಲ್ಲ 'ಸಿಎಸ್‌ಎಸ್ ಗ್ರಿಡ್' ಅರ್ಥಮಾಡಿಕೊಳ್ಳುತ್ತವೆ. ಕೆಲವೇ ಸಾಲುಗಳಲ್ಲಿ ಕೆಲಸ ಮುಗಿಯುತ್ತದೆ.

ಇನ್ನು ನಮ್ಮ ವಿಷಯಕ್ಕೆ ಬರೋಣ. ಇವೆಲ್ಲ ಇಂಗ್ಲಿಷ್ ಅಕ್ಷರಗಳ ಅಳತೆಗೆ ಹೊಲಿದ ಅಂಗಿಗಳು. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. 'ರಾಷ್ಟ್ರ', 'ಸ್ತ್ರೀ' ಎಂಬ ಪದಗಳಲ್ಲಂತೂ ಎರಡೆರಡು ಒತ್ತು! ಬೂಟ್‌ಸ್ಟ್ರಾಪ್‌ನಲ್ಲಿ ಶೀರ್ಷಿಕೆಯ ಸಾಲಿನ ಎತ್ತರ ಅಕ್ಷರದ ಅಳತೆಯ 1.2 ಪಟ್ಟು ಮಾತ್ರ. ಟೇಲ್‌ವಿಂಡ್‌ನ ಬಹುದೊಡ್ಡ ಅಕ್ಷರಗಳಿಗೆ ಬರೀ 1. ಶೀರ್ಷಿಕೆ ಎರಡು ಸಾಲಾದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಗಲುತ್ತದೆ. ಶೀರ್ಷಿಕೆಗೆ 1.4, ಬರಹಕ್ಕೆ 1.7ರಷ್ಟು 'ಲೈನ್-ಹೈಟ್' ಕೊಟ್ಟು ನೋಡಿ, ಓದು ಸರಾಗವಾಗುತ್ತದೆ. ಅಕ್ಷರಗಳ ನಡುವಿನ ಅಂತರ ಹೆಚ್ಚಿಸುವ 'ಲೆಟರ್-ಸ್ಪೇಸಿಂಗ್' ಕನ್ನಡಕ್ಕೆ ಬೇಡವೇ ಬೇಡ.

ನಮ್ಮ ಪದಗಳೂ ಉದ್ದ. 'ವಿದ್ಯಾರ್ಥಿವೇತನಕ್ಕಾಗಿ' ಎಂಬ ಒಂದೇ ಪದವನ್ನು ದೊಡ್ಡ ಅಕ್ಷರದಲ್ಲಿ ಹಾಕಿದರೆ 360 ಪಿಕ್ಸೆಲ್ ಅಗಲದ ಮೊಬೈಲಿನಲ್ಲಿ ಅಂಚು ದಾಟೀತು. ಶೀರ್ಷಿಕೆಯ ಅಳತೆಯನ್ನು ಮೊಬೈಲಿಗೆಂದೇ ತಗ್ಗಿಸಿ. ಮೆನುವಿನಲ್ಲಿ ಚಿಕ್ಕ ಪದಗಳಿರಲಿ.

ಬರಹ ಯೂನಿಕೋಡ್‌ನಲ್ಲಿಯೇ ಇರಲಿ. ಆಮಂತ್ರಣ ಪತ್ರಿಕೆಯನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಅಂಟಿಸಿದರೆ ಯಾವ ಫ್ರೇಮ್‌ವರ್ಕೂ ಅದರ ಅಕ್ಷರಗಳನ್ನು ಹಿಗ್ಗಿಸಿ ಹೊಂದಿಸದು; ಹುಡುಕಾಟದಲ್ಲೂ ಸಿಗುವುದು ಕಷ್ಟ. 'ನೋಟೋ ಸಾನ್ಸ್ ಕನ್ನಡ', ಮುಂಬಯಿಯದೇ ಆದ ಏಕ್ ಟೈಪ್ ಸಂಸ್ಥೆಯ 'ಬಾಲೂ ತಮ್ಮ' ಮುಂತಾದ ಫಾಂಟುಗಳು ಉಚಿತವಾಗಿವೆ. ಒಂದೋ ಎರಡೋ ಸಾಕು. ಪ್ರತಿ ಫಾಂಟೂ ಪುಟದ ಭಾರ ಹೆಚ್ಚಿಸುತ್ತದೆ. ಪುಟದ ಭಾಷೆ ಕನ್ನಡವೆಂದು ಕೋಡ್‌ನಲ್ಲಿ ನಮೂದಿಸಲು ಮರೆಯದಿರಿ. ದೃಷ್ಟಿ ಮಂದವಾದವರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಅದೇ ಸೂಚನೆ.

ಹಾಗಾದರೆ ಆಯ್ಕೆ ಹೇಗೆ? ಮೂರು ಪ್ರಶ್ನೆ ಕೇಳಿಕೊಳ್ಳಿ. ಪುಟಗಳೆಷ್ಟು? ಮುಂದೆ ನೋಡಿಕೊಳ್ಳುವವರು ಯಾರು? ನಿಮ್ಮದೇ ಒಂದು ಕನ್ನಡ ಪ್ರಕಟಣೆಯನ್ನು ಹಾಕಿ ಹಳೆಯ, ಅಗ್ಗದ ಮೊಬೈಲಿನಲ್ಲಿ ತೆರೆದರೆ ಹೇಗೆ ಕಾಣುತ್ತದೆ? ಬಿಡುವಿನ ವೇಳೆಯಲ್ಲಿ ಸೇವೆ ಮಾಡುವ ಸದಸ್ಯರೇ ನೋಡಿಕೊಳ್ಳುವ ಸಂಘಕ್ಕೆ ಬೂಟ್‌ಸ್ಟ್ರಾಪ್ ಅನುಕೂಲ. ಕಲಿಯಲು ಸುಲಭ, ಬಲ್ಲವರೂ ಬಹಳ. ನುರಿತ ತಂತ್ರಜ್ಞರು ಜೊತೆಗಿದ್ದರೆ ಟೇಲ್‌ವಿಂಡ್ ಆಗಬಹುದು.

ಇನ್ನೊಂದು ಮಾತು. ಕಾರ್ಯಕಾರಿ ಸಮಿತಿ ಬದಲಾಗುತ್ತಿರುತ್ತದೆ, ವೆಬ್‌ಸೈಟ್ ಉಳಿಯಬೇಕು. ಯಾವ ಫ್ರೇಮ್‌ವರ್ಕ್, ಎಷ್ಟನೆಯ ಆವೃತ್ತಿ, ಡೊಮೇನ್ ಯಾರ ಹೆಸರಿನಲ್ಲಿದೆ, ನವೀಕರಣ ಯಾವಾಗ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಸಂಘದ ಕಡತದಲ್ಲಿಡಿ. ಮುಂದೆ ಬರುವವರು ನಿಮ್ಮನ್ನು ನೆನೆದಾರು!