ಪೈರು ಕಾಯುವುದಿಲ್ಲ: ಕೃಷಿ ವಿಜ್ಞಾನಿಗಳ ವಿದೇಶ ಪಯಣ

ಕೃಷಿ ವಿಜ್ಞಾನಿಗಳು ಮತ್ತೆ ಮತ್ತೆ ವಿದೇಶಕ್ಕೆ ಹೋಗಿಬರಬೇಕಾಗುವುದು ಬೆಳೆಗಳ ಮೂಲದ ಕಾರಣದಿಂದ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು. ಮುಸುಕಿನ ಜೋಳ ಮೆಕ್ಸಿಕೊದಿಂದ ಬಂದದ್ದು, ಕಬ್ಬಿನ ಮೂಲ ನ್ಯೂಗಿನಿ ದ್ವೀಪ. ಭತ್ತದ ತಳಿಗಳ ಅತಿ ದೊಡ್ಡ ಸಂಗ್ರಹ ಇರುವುದು ಫಿಲಿಪೈನ್ಸ್‌ನ ಲಾಸ್ ಬಾನ್ಯೋಸ್‌ನಲ್ಲಿ, 1960ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ. ಮಂಡ್ಯದ ವಿ.ಸಿ. ಫಾರಂನಲ್ಲಿ ಸಂಶೋಧನೆ ನಡೆಯುವುದು ಮುಖ್ಯವಾಗಿ ಈ ನಾಲ್ಕು ಬೆಳೆಗಳ ಮೇಲೆಯೇ. ಹಾಗಾಗಿ ನಾಲೆಯ ಬದಿಯ ಈ ಗದ್ದೆಗಳಿಗೂ ದೂರದ ದೇಶಗಳಿಗೂ ನಂಟು ಮೊದಲಿನಿಂದಲೂ ಇದೆ.

ಫಾರಮ್ಮಿನ ಹೆಸರಿನಲ್ಲಿರುವ ವಿ.ಸಿ. ಎಂದರೆ ವಿಶ್ವೇಶ್ವರಯ್ಯ ನಾಲೆ. ಆ ನಾಲೆಯ ಮೊದಲ ಹೆಸರು ಇರ್ವಿನ್ ನಾಲೆ. ನಾಲೆಗೆ ಈಗ ಯಾರ ಹೆಸರಿದೆಯೋ ಆ ಸರ್ ಎಂ. ವಿಶ್ವೇಶ್ವರಯ್ಯನವರೂ ವಿದೇಶ ಸುತ್ತಿದವರೇ. ಅವರು 1898ರಲ್ಲಿ ಜಪಾನಿಗೆ ಹೋದರು. ಮೈಸೂರಿನ ದಿವಾನಗಿರಿ ಬಿಟ್ಟ ಮೇಲೆ 1919–20ರಲ್ಲಿ ಜಪಾನ್, ಅಮೆರಿಕ, ಯುರೋಪುಗಳನ್ನು ಸುತ್ತಿದರು. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿ ಈ ಭಾಗದ ನೀರಾವರಿ ಬೇಸಾಯಕ್ಕೂ ಮಂಡ್ಯದ ಸಕ್ಕರೆ ಕಾರ್ಖಾನೆಗೂ ಅಡಿಪಾಯ ಹಾಕಿದ ಲೆಸ್ಲಿ ಕೋಲ್ಮನ್ ಕೆನಡಾದವರು. 1908ರಲ್ಲಿ ಮೈಸೂರಿಗೆ ಬಂದ ಅವರು ಅಡಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣದ ಸಿಂಪಡಣೆಯನ್ನು ರೂಢಿಗೆ ತಂದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗೆಂದು ಹುಟ್ಟಿದ ಔಷಧ ಅದು. ಹಡಗಿನ ಕಾಲದಲ್ಲಿ ಹೋಗುವುದಕ್ಕೆ ಹಲವು ವಾರ, ಬರುವುದಕ್ಕೆ ಹಲವು ವಾರ ಹಿಡಿಯುತ್ತಿತ್ತು. ಅದರಿಂದ ಹೋದವರು ತಿಂಗಳುಗಟ್ಟಲೆ ಉಳಿದು, ನೋಡಿ, ಕಲಿತು ಬರುತ್ತಿದ್ದರು. ಈಗ ಮೂರು ದಿನದ ಸಭೆಗೆ ಹೋಗಿ ಐದನೆಯ ದಿನ ಮಂಡ್ಯದಲ್ಲಿರಬಹುದು. ಇದು ಅನುಕೂಲವೇ ಹೌದು. ಆದರೆ ಬೆಳೆಯ ವಿಷಯದಲ್ಲಿ ಮೂರು ದಿನದಲ್ಲಿ ಕಲಿಯುವುದಕ್ಕೂ ಒಂದು ಹಂಗಾಮು ಪೂರ್ತಿ ಗದ್ದೆಯಲ್ಲಿ ನಿಂತು ಕಲಿಯುವುದಕ್ಕೂ ಹೋಲಿಕೆಯೇ ಇಲ್ಲ.

ಈ ವಿದೇಶದ ನಂಟಿನ ಲಾಭ ನಷ್ಟ ನೋಡಿದರೆ, ಲಾಭದ ಕಡೆ ಮೊದಲು ನಿಲ್ಲುವುದು ರಾಗಿ. 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯ ಇಲ್ಲಿ ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಸಂಕರಗೊಳಿಸಿದರು. ಇಂಡಿಯಾ, ಆಫ್ರಿಕಾ ಎರಡೂ ಹೆಸರು ಕೂಡಿ 'ಇಂಡಾಫ್' ಆಯಿತು. 1970ರ ದಶಕದಿಂದ ಇಂಡಾಫ್ ತಳಿಗಳು ರಾಗಿಯ ಇಳುವರಿಯನ್ನೇ ಬದಲಿಸಿದವು. ಬೆಂಕಿ ರೋಗ ತಡೆಯುವ ಗುಣಕ್ಕೆ ಹೆಸರಾದ ಜಿಪಿಯು-28 ತಳಿಯ ವಂಶಾವಳಿಯಲ್ಲೂ ಇಂಡಾಫ್ ಇದೆ. ಇಲ್ಲಿ ಖಂಡ ದಾಟಿ ಬಂದದ್ದು ಮುಖ್ಯವಾಗಿ ಬೀಜ.

ಭತ್ತದಲ್ಲಿ ಬೀಜದ ಜೊತೆ ವಿದ್ಯೆಯೂ ಬಂತು. ಸಂಕರ ಭತ್ತಕ್ಕೆ ಪರಾಗವಿಲ್ಲದ ಗಂಡು-ಬಂಜೆ ತಳಿ ಬೇಕು. ಅಂಥ ಗುಣವುಳ್ಳ ಕಾಡುಭತ್ತ ಸಿಕ್ಕಿದ್ದು 1970ರಲ್ಲಿ ಚೀನಾದ ಹೈನಾನ್ ದ್ವೀಪದಲ್ಲಿ. ಆ ವಿದ್ಯೆ ಲಾಸ್ ಬಾನ್ಯೋಸ್‌ಗೆ ಬಂತು. ಕರ್ನಾಟಕದವರಾದ ಎಂ. ಮಹಾದೇವಪ್ಪ ಅಲ್ಲಿ ಕೆಲಸ ಮಾಡಿದ ವಿಜ್ಞಾನಿಗಳಲ್ಲಿ ಒಬ್ಬರು. ಮಂಡ್ಯದಲ್ಲಿ ರೂಪುಗೊಂಡು 1996ರಲ್ಲಿ ಬಿಡುಗಡೆಯಾದ ಕೆಆರ್‌ಎಚ್-2 ಸಂಕರ ಭತ್ತದ ಹೆಣ್ಣು ಸಾಲು ಲಾಸ್ ಬಾನ್ಯೋಸ್‌ನ ಐಆರ್ 58025ಎ, ಗಂಡು ಸಾಲು ಮಂಡ್ಯದ್ದೇ ಆದ ಕೆಎಂಆರ್-3. ಎರಡು ಊರುಗಳ ನಡುವಿನ ಓಡಾಟದ ಫಲ ಒಂದೇ ತೆನೆಯಲ್ಲಿ ಕಾಣುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ನಷ್ಟದ ಲೆಕ್ಕ ಆರಂಭವಾಗುವುದೂ ಅದೇ ತೆನೆಯಿಂದ. ಭತ್ತದ ಹೂ ಅರಳುವುದು ಬೆಳಗಿನ ಹೊತ್ತು, ಅದೂ ಸ್ವಲ್ಪ ಹೊತ್ತು ಮಾತ್ರ. ಸಂಕರ ಬೀಜದ ಗದ್ದೆಯಲ್ಲಿ ಗಂಡು ಸಾಲು, ಹೆಣ್ಣು ಸಾಲು ಒಟ್ಟಿಗೆ ಹೂವಿಗೆ ಬರಬೇಕು. ಬಂದಾಗ ದಿನವೂ ಹಗ್ಗ ಎಳೆದು ಪರಾಗ ಉದುರಿಸಬೇಕು. ರಾಗಿಯಂತೂ ನಡುರಾತ್ರಿ ಕಳೆದ ಮೇಲೆ, ಬೆಳಕು ಹರಿಯುವ ಮುಂಚೆ ಅರಳುತ್ತದೆ. ಅದರ ಹೂವು ಎಷ್ಟು ಸಣ್ಣದೆಂದರೆ ಕೇಸರ ತೆಗೆಯಲು ಪಳಗಿದ ಕೈಯೇ ಬೇಕು. ಆ ಹತ್ತು ಹದಿನೈದು ದಿನ ವಿಜ್ಞಾನಿ ಪರದೇಶದ ಸಭೆಯಲ್ಲಿದ್ದರೆ ಕಳೆದುಹೋಗುವುದು ಒಂದು ಪೂರ್ತಿ ಹಂಗಾಮು. ಸಹಾಯಕರು ಲೆಕ್ಕ ಬರೆದಿಡಬಹುದು. ನೂರಾರು ಸಾಲುಗಳ ನಡುವೆ ನಡೆದು 'ಇದು ಇರಲಿ, ಇದು ಬೇಡ' ಎಂದು ಆರಿಸುವ ಕಣ್ಣನ್ನು ಮಾತ್ರ ಬೇರೆಯವರಿಗೆ ವಹಿಸಿ ಹೋಗಲಾಗುವುದಿಲ್ಲ. ಮಾರ್ಗದರ್ಶನಕ್ಕೆ ಕಾದಿರುವ ಸ್ನಾತಕೋತ್ತರ ವಿದ್ಯಾರ್ಥಿಗಳ ಪಾಡೂ ಇದೇ.

ದೇಹಕ್ಕೂ ತನ್ನದೇ ಗಡಿಯಾರವಿದೆ. ಫಿಲಿಪೈನ್ಸ್ ನಮಗಿಂತ ಎರಡೂವರೆ ಗಂಟೆ ಮುಂದೆ, ಪೂರ್ವ ಆಫ್ರಿಕಾದ ಕೆನ್ಯಾ ಎರಡೂವರೆ ಗಂಟೆ ಹಿಂದೆ. ಇವು ಅಷ್ಟಾಗಿ ಕಾಡುವುದಿಲ್ಲ. ಮುಸುಕಿನ ಜೋಳದ ದೊಡ್ಡ ಸಂಶೋಧನಾ ಕೇಂದ್ರವಿರುವ ಮೆಕ್ಸಿಕೊ ಹನ್ನೊಂದೂವರೆ ಗಂಟೆ ಹಿಂದೆ. ಹಗಲು ರಾತ್ರಿ ತಲೆಕೆಳಗಾಗುವ ಅಂಥ ಕಡೆ ದೇಹ ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ ಹೊಂದಿಕೊಳ್ಳುತ್ತದೆ. ಒಳಗಿನ ಗಡಿಯಾರದ ಸುತ್ತು 24 ಗಂಟೆಗಿಂತ ತುಸು ಉದ್ದವಾದ್ದರಿಂದ ಪಶ್ಚಿಮಕ್ಕೆ ಹೋಗುವುದಕ್ಕಿಂತ ಪೂರ್ವಕ್ಕೆ ಹೋಗುವುದು ಹೆಚ್ಚು ತ್ರಾಸದ್ದು. ವಿಮಾನದ ಒಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಂತೆ ಇರುತ್ತದೆ, ತೇವವೂ ತೀರ ಕಡಿಮೆ. ನಾಲ್ಕು ಗಂಟೆಗೂ ಮೀರಿ ಒಂದೇ ಸಮನೆ ಕುಳಿತರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಆಗಾಗ ಎದ್ದು ಓಡಾಡಿ, ನೀರು ಕುಡಿಯಬೇಕೆನ್ನುವುದು ಇದಕ್ಕೇ. ಕೆನ್ಯಾಕ್ಕೆ ಹೋಗಿಬರುವವರಿಗೆ ಹಳದಿ ಜ್ವರದ ಲಸಿಕೆ ಬೇಕು. ಪ್ರಯಾಣಕ್ಕೆ ಹತ್ತು ದಿನ ಮೊದಲೇ ಹಾಕಿಸಿರಬೇಕು. ಪ್ರಮಾಣಪತ್ರವಿಲ್ಲದೆ ಮರಳಿದರೆ ಇಲ್ಲಿ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸುತ್ತಾರೆ.

ತಳಿ ವಿಜ್ಞಾನಿಗೆ ಇನ್ನೊಂದು ಎಚ್ಚರಿಕೆಯೂ ಬೇಕು. ಕಂಡ ಒಳ್ಳೆಯ ತೆನೆಯನ್ನು ಜೇಬಿನಲ್ಲಿ ಹಾಕಿಕೊಂಡು ಬರುವಂತಿಲ್ಲ. ಸಂಶೋಧನೆಯ ಬೀಜಕ್ಕೆ ಆಮದು ಪರವಾನಗಿ ಇರಬೇಕು, ಅದು ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೊದಲ್ಲಿ ರೋಗ, ಕೀಟಗಳ ತಪಾಸಣೆ ಮುಗಿಸಿಕೊಂಡು ಬರಬೇಕು. ಇಲ್ಲಿನ ತಳಿಯನ್ನು ಹೊರಗೆ ಕೊಡುವುದಕ್ಕೂ 2002ರ ಜೀವವೈವಿಧ್ಯ ಕಾಯ್ದೆಯ ಕಟ್ಟುಪಾಡುಗಳಿವೆ. ಕಾಗದಪತ್ರಕ್ಕೆ ತಿಂಗಳುಗಳೇ ಹಿಡಿದರೂ ಈ ನಿಯಮಗಳು ಬೇಕೇ ಬೇಕು. ಬೂಟಿಗೆ ಅಂಟಿದ ಹಿಡಿ ಮಣ್ಣಿನಲ್ಲೂ ಹೊಸ ರೋಗವೊಂದು ಗಡಿ ದಾಟಬಲ್ಲದು.

ಕೋವಿಡ್ ಕಾಲ ಈ ಲಾಭ ನಷ್ಟಗಳನ್ನು ಬೇರ್ಪಡಿಸಿ ತೋರಿಸಿತು. 2020ರ ಮಾರ್ಚ್ 23ರಿಂದ 2022ರ ಮಾರ್ಚ್ 27ರವರೆಗೆ ಭಾರತದ ನಿಗದಿತ ಅಂತರರಾಷ್ಟ್ರೀಯ ವಿಮಾನಗಳು ನಿಂತಿದ್ದವು. ಸಭೆ, ಭಾಷಣ, ವರದಿ ಒಪ್ಪಿಸುವ ಕೆಲಸ ಪರದೆಯ ಮೇಲೆ ಸಾಗಿದವು. ತೆನೆ ಮುಟ್ಟಿ, ಕಾಳು ಕಚ್ಚಿ ನೋಡುವ ಕೆಲಸ ಪರದೆಗೆ ಒಗ್ಗಲಿಲ್ಲ. ಕೆಲವೇ ಪ್ರವಾಸ, ಪ್ರತಿಸಲವೂ ದೀರ್ಘ ವಾಸ ಎಂಬ ಹಳೆಯ ಹಡಗಿನ ಕಾಲದ ಕ್ರಮವೇ ಈ ವೃತ್ತಿಗೆ ಹೆಚ್ಚು ಹೊಂದುತ್ತದೆ.

ಹೊರಡುವ ಕಾಲವನ್ನು ಗೊತ್ತುಮಾಡುವುದು ಕೊನೆಗೂ ನಾಲೆಯ ನೀರೇ. ಕೆ.ಆರ್.ಎಸ್. ಅಣೆಕಟ್ಟು ತುಂಬಿ ಮುಂಗಾರಿನಲ್ಲಿ ನೀರು ಬಿಟ್ಟರೆ ಡಿಸೆಂಬರ್ ಹೊತ್ತಿಗೆ ಕೊಯ್ಲು, ಆಮೇಲೆ ಬೇಸಿಗೆ ಬೆಳೆಯ ಒಟ್ಲು ಹಾಕುವವರೆಗೆ ಕೊಂಚ ಬಿಡುವು. ಆಗ ಯುರೋಪಿನ ಹೊಲಗಳಲ್ಲಿ ಚಳಿಗಾಲ. ಹೋದರೂ ನೋಡುವುದಕ್ಕೆ ಹೆಚ್ಚೇನೂ ಇರುವುದಿಲ್ಲ. ಲಾಸ್ ಬಾನ್ಯೋಸ್‌ನಲ್ಲಿ ಅದೇ ಹೊತ್ತಿಗೆ ಒಣ ಹಂಗಾಮಿನ ಭತ್ತದ ನಾಟಿ ನಡೆದಿರುತ್ತದೆ.